ಕೈ ಹಿಡಿದ ಮೇಲೆ ಸೂಜಿ

ಎಂಬತ್ತರ ದಶಕದ ಒಂದು ಬೇಸಿಗೆ, ಹೆಬ್ಬಾಳದ ಸುತ್ತ ಕಾಲರಾ ಹಬ್ಬಿತ್ತು. ನಾನಾಗ ಆರೋಗ್ಯ ಸಹಾಯಕಿ, ಧಾರವಾಡದ ಕಡೆಯಿಂದ ಹೊಸದಾಗಿ ಬಂದವಳು, ಬಾಯಿ ಸ್ವಲ್ಪ ಜೋರು. ದೇವಸ್ಥಾನದ ಮುಂದೆ ಟೇಬಲ್ ಹಾಕಿಕೊಂಡು ಕಾಲರಾ ಸೂಜಿ ಹಾಕುತ್ತಿದ್ದೆವು. ಮಸೀದಿ ಗಲ್ಲಿಯ ಹೆಂಗಸರು ಒಬ್ಬರೂ ಬರಲಿಲ್ಲ. ಕಾಯಿಲೆ ಬಿದ್ದವರು ಹೆಚ್ಚಾಗಿ ಅವರ ಮನೆಗಳಲ್ಲೇ ಇದ್ದರು. ಡಾಕ್ಟರು ರಿಜಿಸ್ಟರಿನಲ್ಲಿ ‘ನಿರಾಕರಿಸಿದ್ದಾರೆ’ ಎಂದು ಬರೆದು ಕೈತೊಳೆದುಕೊಂಡರು.

ನನಗೆ ಮೈ ಉರಿಯಿತು. ನಡುಬೀದಿಯಲ್ಲಿ, ಗಂಡಸರ ಮುಂದೆ ತೋಳು ಬಿಚ್ಚಿ ನಿಲ್ಲಲು ನಾನಾದರೂ ಹೋಗುತ್ತಿದ್ದೆನೇ?

“ಅವರು ಒಲ್ಲೆ ಅಂದಿಲ್ಲ ಸರ. ನಾವ ಕೇಳಿಲ್ಲ,” ಅಂದೆ.

“ಹಾಗಾದ್ರೆ ನೀವೇ ಹೋಗಿ ಕೇಳಿ,” ಅಂದರು.

ಹೋದೆ. ಬಾಗಿಲುಗಳು ಬೆರಳಗಲ ತೆರೆದು ಮುಚ್ಚಿಕೊಂಡವು. ಆ ಗಲ್ಲಿಯಲ್ಲಿ ಒಳಮನೆಯವರೆಗೂ ಸಲೀಸಾಗಿ ಹೋಗುತ್ತಿದ್ದ ಹೊರಗಿನವಳೆಂದರೆ ಬಳೆ ಮಾರುವ ಅಜ್ಜಿ ಒಬ್ಬಳೇ. ಬಿಸಿಲಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ ನನ್ನನ್ನು ನೋಡಿ ಅವಳು ನಕ್ಕಳು.

“ನೀನು ಮೊದ್ಲೇ ಸೂಜಿ ತೋರಿಸ್ತೀಯ ಕಣವ್ವ. ಮೊದ್ಲು ಕೈ ಹಿಡೀಬೇಕು. ಬಾ ನನ್ ಜೊತೆ.”

ಮೂರು ದಿನ ಅವಳ ಬೆನ್ನು ಹಿಡಿದು ತಿರುಗಿದೆ. ಅವರವರ ಒಲೆಯ ಮೇಲೆ, ಅವರ ಕಣ್ಣೆದುರೇ ಸೂಜಿ ಕುದಿಸಿದೆ. ಅಜ್ಜಿ ಅಂಗೈ ಒತ್ತಿ ಒತ್ತಿ ಮೆತ್ತಗೆ ಮಾಡಿ, ಅತ್ತೆಯಂದಿರನ್ನು ಆಡಿಕೊಂಡು ನಗಿಸುತ್ತಾ ಬಲಗೈಗೆ ಬಳೆ ಏರಿಸುವಳು. ನಾನು ಎಡತೋಳಿಗೆ ಚುಚ್ಚುವೆ. ಬಳೆ ತೊಟ್ಟ ಮೇಲೆ ಹಿರಿಯರಿಗೆ ಸಲಾಂ ಮಾಡುವುದು ಆ ಮನೆಗಳ ಪದ್ಧತಿ. ಒಬ್ಬ ಸೊಸೆ ಅಜ್ಜಿಗೆ ಸಲಾಂ ಮಾಡಿ, ತೋಳು ಉಜ್ಜಿಕೊಳ್ಳುತ್ತಲೇ ನನಗೂ ಒಂದು ಮಾಡಿದಳು. ನನಗೆ ಅಳು ಬಂದುಬಿಟ್ಟಿತು. ಆ ಗಲ್ಲಿಯ ಮೇಲಿನ ನನ್ನ ಪ್ರೀತಿ ಶುರುವಾದದ್ದು ಅಲ್ಲಿಂದಲೇ.

ಗಲ್ಲಿ ಪೂರ್ತಿ ಮುಗಿಯಿತು. ಡಾಕ್ಟರು ತಾವೇ ರಿಜಿಸ್ಟರಿನ ಆ ಪದವನ್ನು ಹೊಡೆದುಹಾಕಿದರು. ನಾನು ಒಂದಿಷ್ಟು ಬೀಗಿದೆ.

ಆಮೇಲೆ ಎರಡು ದಿನ ಅಜ್ಜಿ ಕಾಣಲಿಲ್ಲ. ಹುಡುಕಿಕೊಂಡು ಕೆರೆಯಂಚಿನ ಅವಳ ಗುಡಿಸಲಿಗೆ ಹೋದೆ. ನಮ್ಮ ಯಾವ ಪಟ್ಟಿಯಲ್ಲೂ ಇಲ್ಲದ ಗುಡಿಸಲು ಅದು. ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದು ಮಲಗಿದ್ದಳು.

“ಅಜ್ಜಿ, ನೀ ಯಾಕ ಸೂಜಿ ಹಾಕಿಸ್ಕೊಳ್ಳಲಿಲ್ಲ?”

“ನೀನು ಕೇಳ್ಲೇ ಇಲ್ವಲ್ಲವ್ವ,” ಅಂದಳು. ಅದರಲ್ಲಿ ಮುನಿಸೇನೂ ಇರಲಿಲ್ಲ.

ಆಟೋ ಆಸ್ಪತ್ರೆ ಮುಟ್ಟುವವರೆಗೂ ಉಪ್ಪು ಸಕ್ಕರೆ ಕಲೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ದೇವರು ದೊಡ್ಡವನು, ಉಳಿದುಕೊಂಡಳು. ಮಸೀದಿ ಗಲ್ಲಿಯಿಂದ ಸರದಿ ಮೇಲೆ ಅವಳಿಗೆ ಗಂಜಿ ಬಂತು.

ಅವಳು ಚೇತರಿಸಿಕೊಂಡ ಮೇಲೆ ಗುಡಿಸಲಿಗೆ ಹೋಗಿ ಎದುರಿಗೆ ಕುಳಿತೆ. ಅವಳು ಕಲಿಸಿದಂತೆ ಮೊದಲು ಕೈ ಹಿಡಿದು ಅಂಗೈ ಒತ್ತಿದೆ. ಮೂರು ದಿನ ನನ್ನ ಪಕ್ಕದಲ್ಲೇ ಇದ್ದ ಕೈ. ಅದರಲ್ಲಿ ಒಂದೂ ಬಳೆ ಇಲ್ಲ ಎನ್ನುವುದನ್ನು ನಾನು ನೋಡಿದ್ದು ಅವತ್ತೇ.