ಎಬ್ಬಿಸುವ ಜೋಗುಳ

ಅಮೆರಿಕದ ಪಾಲೋ ಆಲ್ಟೋದ ಕನ್ನಡ ಮನೆಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಉಡುಪಿ ಮೂಲದ ಸತ್ಯವತಮ್ಮ ಬಂದು ಜೋಗುಳ ಹಾಡಲೇಬೇಕಿತ್ತು. ೧೯೮೪ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲದ ಸುದ್ದಿ ಬಂದ ಮೇಲೆ ಅವರ ಬಾಯಿಗೆ ‘ಮಲಗು ಕಂದಾ’ ಎಂಬ ಮಾತೇ ಬರದಾಯಿತು.

“ಮಲಗಿದ ಮಕ್ಕಳು ಏಳಲೇ ಇಲ್ಲವಂತೆ,” ಎಂದು ನೆರೆಮನೆಯ ನನ್ನ ಬಳಿ ಅತ್ತರು. ಕೊನೆಗೆ, ದಿನವೂ ಬೆಳಗ್ಗೆ ದೇವರಮನೆಯ ಕೃಷ್ಣನನ್ನು ಹಾಡಿ ಎಬ್ಬಿಸುವ ಧಾಟಿಯಲ್ಲಿ ಆ ಮಕ್ಕಳಿಗೊಂದು ಹಾಡು ಕಟ್ಟಿದರು. ಕನ್ನಡ ಸಂಘದ ಸಂಕ್ರಾಂತಿಯ ಕೂಟದಲ್ಲಿ ಅದನ್ನು ಹಾಡಬೇಕೆಂಬುದು ಅವರ ಆಸೆ. ಕೂಟದ ದಿನ ಸಂಘದ ಕಾರ್ಯದರ್ಶಿ ತಿರುಮಲೇಶ ಒಪ್ಪಲಿಲ್ಲ.

“ಅಮ್ಮಾ, ಇದು ಫೆಸ್ಟಿವಲ್ಲು. ಜನ ಅಳ್ತಾರೆ.”

“ಅಳಲಿ ಮಾರಾಯ. ಬಾಯಲ್ಲಿ ಎಳ್ಳು ಬೆಲ್ಲ ಉಂಟಲ್ಲ, ಸುಧಾರಿಸ್ತದೆ,” ಎಂದು ಸತ್ಯವತಮ್ಮ ವೇದಿಕೆ ಹತ್ತಿಯೇಬಿಟ್ಟರು.

“ಏಳು ಕಂದಾ, ಬೆಳಗಾಯಿತು” ಎಂಬ ಪಲ್ಲವಿ ಎರಡನೆಯ ಸಲ ಬರುವಾಗ ಅವರು ಹಾಡು ನಿಲ್ಲಿಸಿ ಸೆರಗನ್ನು ಕಣ್ಣಿಗೊತ್ತಿಕೊಂಡರು. ಆಗ ಹಿಂದಿನ ಸಾಲಿನಿಂದ ಒಂದು ಗಂಡು ದನಿ ಪಲ್ಲವಿಯನ್ನು ಎತ್ತಿಕೊಂಡಿತು. ಅದು ತಿರುಮಲೇಶನದು. ಅವನೊಂದಿಗೆ ಇಡೀ ಸಭೆ ಹಾಡಿತು, ಕನ್ನಡ ಮಾತಾಡಲು ನಾಚುವ ಮಕ್ಕಳೂ ಸೇರಿ.

ಮುಂದಿನ ವಾರ ರೆಡ್‌ವುಡ್ ಸಿಟಿಯಲ್ಲಿ ಒಂದು ತೊಟ್ಟಿಲ ಶಾಸ್ತ್ರ. ಸತ್ಯವತಮ್ಮ ಮೊದಲು ಮಲಗಿಸುವ ಹಾಡು ಹಾಡಿದರು, ಆಮೇಲೆ ಎಬ್ಬಿಸುವ ಹಾಡು.