ಕಾಗೆಯ ಗೂಡು ಯಾವ ಮರದಲ್ಲಿ?

ಬೆಳಿಗ್ಗೆ ಆರೂಕಾಲು. ವಿದ್ಯಾರಣ್ಯಪುರಂನ ಪುಟ್ಟ ಅಡುಗೆಮನೆಯೊಂದರಲ್ಲಿ ದೇವಿರಮ್ಮ ಕಥೆ ರೆಕಾರ್ಡ್ ಮಾಡಲು ಫೋನನ್ನು ಬಾಯಿಯ ಹತ್ತಿರ ಹಿಡಿದು ಕಾಗೆಯಾಗುತ್ತಾರೆ, ಮರುಕ್ಷಣವೇ ಅಳಿಲಾಗುತ್ತಾರೆ. ಕಥೆ ಇನ್ನೇನು ಮುಗಿಯಬೇಕು, ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ. "ಥೂ, ಇದೊಂದು ಬಂತಲ್ಲ!" ಎಂದು ನಕ್ಕು ಮೊದಲಿಂದ ಶುರು ಮಾಡುತ್ತಾರೆ.

ಐವತ್ತೆರಡರ ದೇವಿರಮ್ಮ ಅಂಗನವಾಡಿ ಕಾರ್ಯಕರ್ತೆ. ಕಡಕೊಳದ ಬೇಸಾಯದ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಈಗ ಇಪ್ಪತ್ತೆರಡು ಮಕ್ಕಳು. ಹಳೆಯ ಕಾಲುಚೀಲಕ್ಕೆ ಗುಂಡಿಯ ಕಣ್ಣು ಹೊಲಿದ ಗೊಂಬೆಗಳಿಂದ ಅಂಗನವಾಡಿಯಲ್ಲಿ ಕಥೆ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ಉಳಿದರ್ಧ ಮಾರನೆಯ ಮುಂಜಾನೆ ತಾಯಂದಿರ ಫೋನಿಗೆ ಹೋಗುತ್ತದೆ. ಮಕ್ಕಳು ತಿಂಡಿ ತಿನ್ನುತ್ತಾ ಕೇಳುತ್ತಾರೆ. ಹತ್ತು ಗಂಟೆಗೆ ದೇವಿರಮ್ಮ ಅದೇ ಕಥೆಯ ಚಿತ್ರಗಳನ್ನು ಸೀಮೆಸುಣ್ಣದಿಂದ ಅಂಗನವಾಡಿಯ ನೆಲದ ಮೇಲೆ ಬರೆಯುತ್ತಾರೆ; ಮಕ್ಕಳು ಅದರ ಮೇಲೆ ಕುಂಟೆಬಿಲ್ಲೆಯಂತೆ ಕುಂಟುತ್ತಾ ಎಣಿಕೆ ಕಲಿಯುತ್ತಾರೆ.

ಹೋದ ವರ್ಷ ನಾಲ್ಕು ವರ್ಷದ ದಿವ್ಯ ಸೇರಿದಳು. ಮನೆಯಲ್ಲಿ ಅರಳು ಹುರಿದಂತೆ ಮಾತು, ಇಲ್ಲಿ ನಾಲ್ಕು ತಿಂಗಳು ತುಟಿ ಪಿಟಕ್ಕೆನ್ನಲಿಲ್ಲ. ಅವಳ ತಾಯಿ ಪದ್ಮಾವತಿ ಒಂದು ದಿನ ಬಂದು, "ಈ ತಿಂಗ್ಳು ನೋಡ್ತೀನಿ ಟೀಚರ್, ಆಮೇಲೆ ಬುಡಿಸ್ಬುಡ್ತೀನಿ. ಕಾಲುಚೀಲ ಕುಣಿಸಿದ್ರೆ ಮಾತು ಬಂದ್ಬುಡ್ತದಾ?" ಎಂದರು.

"ನಾನು ಓದಿರೋದು ಎಸ್ಸೆಲ್ಸಿ ಕಣ್ರೀ. ನನ್ನಿಂದ್ಲೇ ಮಗೀಗೆ ಏನಾರ ಆಗೋಯ್ತಾ ಅಂತ ಒಳಗೇ ಕುಟುಕ್ತಿತ್ತು" ಎನ್ನುತ್ತಾರೆ ದೇವಿರಮ್ಮ.

ಆ ಗಾಬರಿಯಲ್ಲೇ ಒಂದು ಎಡವಟ್ಟಾಯಿತು. ಗೊಂಬೆಯಾಟದಲ್ಲಿ ಬೇವಿನ ಮರದಲ್ಲಿದ್ದ ಕಾಗೆಯ ಗೂಡು, ಫೋನಿನ ಕಥೆಯಲ್ಲಿ ಹುಣಸೆ ಮರಕ್ಕೆ ಹೋಗಿಬಿಟ್ಟಿತ್ತು. ಅವರಿಗದು ಗೊತ್ತೇ ಆಗಲಿಲ್ಲ. ನೆಲದ ಮೇಲೆ ಹುಣಸೆ ಮರ ಬರೆಯಲು ಬಗ್ಗಿದಾಗ ಮೂಲೆಯಿಂದ ದನಿಯೊಂದು ಕೇಳಿಸಿತು.

"ಅಲ್ಲಾ ಟೀಚರ್! ಬೇವಿನ್ ಮರ! ನಿಮ್ಗೇನೂ ಗೊತ್ತಿಲ್ಲ!"

ದಿವ್ಯ! ಎದ್ದು ಬಂದವಳೇ ಸೀಮೆಸುಣ್ಣ ಕಸಿದುಕೊಂಡಳು. "ಬೈಸ್ಕೊಂಡು ಅಷ್ಟು ಖುಷಿ ನಂಗೆ ಯಾವತ್ತೂ ಆಗಿರ್ಲಿಲ್ಲ" ಎನ್ನುವಾಗ ದೇವಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಪದ್ಮಾವತಿ ಮಗಳನ್ನು ಬಿಡಿಸಲಿಲ್ಲ. ಅಂದಿನಿಂದ ದಿನವೂ ಫೋನಿನ ಕಥೆಯಲ್ಲಿ ಬೇಕೆಂದೇ ಒಂದು ತಪ್ಪು ಇರುತ್ತದೆ. ಅದನ್ನು ತಿದ್ದಲು ಮಕ್ಕಳು ಅಂಗನವಾಡಿಯ ಬಾಗಿಲಲ್ಲೇ ಕಾಯುತ್ತಾರೆ.

"ದೊಡ್ಡೋರು ತಪ್ಪು ಹೇಳಿದ್ರೆ ಅಲ್ಲ ಅನ್ನೋಕೆ ಅವು ಹೆದ್ರಬಾರ್ದು. ನಂಗಷ್ಟೇ ಸಾಕು" ಎನ್ನುವ ದೇವಿರಮ್ಮ, ಸ್ವಲ್ಪ ನಾಚಿಕೆಯಿಂದಲೇ ಸೇರಿಸುತ್ತಾರೆ: "ನೆನ್ನೆ ಒಂದೇ ತಪ್ಪು ಇಟ್ಟಿದ್ದೆ ಕಣ್ರೀ. ಎರಡು ಹಿಡಿದ್ಬುಟ್ರು!"