ಗಾಳಿಗೆ ಬಿಟ್ಟ ಕ್ರೇನು

ಭಾನುವಾರ ಸಂಜೆ ರೇಡಿಯೋದಲ್ಲಿ ನಗರದ ವಾರದ ಹವಾಮಾನ ಹೇಳುವಾಗ ಮಾತ್ರ ಟೈಲರಮ್ಮನ ಹೊಲಿಗೆ ಮೆಷಿನ್ನು ನಿಲ್ಲುತ್ತದೆ. ಉಳಿದ ಹೊತ್ತು ಅದಕ್ಕೆ ಬಿಡುವೇ ಇಲ್ಲ. ನಾಲ್ಕನೇ ಮಹಡಿಯ ಅವಳ ಎರಡು ಕೋಣೆಗಳಲ್ಲಿ ಗುಂಡಿ ಕಿತ್ತುಹೋದ ಕೋಟುಗಳು, ಶಾಲಾ ಮಕ್ಕಳ ಸಮವಸ್ತ್ರಗಳು, ಸೊಂಟ ಸಡಿಲಿಸಬೇಕಾದ ಪ್ಯಾಂಟುಗಳು ಕುರ್ಚಿ ಮಂಚಗಳನ್ನೆಲ್ಲ ಹಿಡಿದುಕೊಂಡು ಕೂತಿರುತ್ತವೆ. ಬಂದವರು ಕೂರಬೇಕೆಂದರೆ ಮೊದಲು ಯಾರದೋ ಪ್ಯಾಂಟನ್ನು ಎಬ್ಬಿಸಬೇಕು.

ಆ ಭಾನುವಾರ ರೇಡಿಯೋದವನು ಸೋಮವಾರ ಮೋಡ, ಮಂಗಳವಾರ ಅಲ್ಲಲ್ಲಿ ತುಂತುರು, ಬುಧವಾರದಿಂದ ಶುಕ್ರವಾರದವರೆಗೆ ಸಂಜೆ ಹೊತ್ತು ಗುಡುಗು ಮಿಂಚಿನ ಮಳೆ ಎಂದು, ತನಗೇನೂ ಸಂಬಂಧವಿಲ್ಲ ಎನ್ನುವ ದನಿಯಲ್ಲಿ ಓದಿ ಮುಗಿಸಿದ. ಸಂಬಂಧವಿದ್ದದ್ದು ಟೈಲರಮ್ಮನಿಗೆ. ಅವಳ ಗಂಡ ಕ್ರೇನ್ ನಡೆಸುವವನು. ಕಟ್ಟುತ್ತಿರುವ ಕಟ್ಟಡದ ಪಕ್ಕದಲ್ಲಿ ಅದಕ್ಕಿಂತ ಎತ್ತರ ನಿಂತು, ತಲೆಯ ಮೇಲೆ ಉದ್ದನೆಯ ತೋಳು ಚಾಚುವ ಕ್ರೇನು. ಆ ತೋಳಿನ ಬುಡದ ಪುಟ್ಟ ಗಾಜಿನ ಕ್ಯಾಬಿನ್ನಿನಲ್ಲಿ ಅವನ ದಿನಗಳು ಕಳೆಯುತ್ತವೆ.

“ರೀ, ಮೂರು ದಿನ ಗುಡುಗಂತೆ.”

“ಅವರು ಹೇಳಿದ್ದಕ್ಕೆಲ್ಲ ರಜೆ ಹಾಕಿದ್ರೆ ಕಟ್ಟಡ ಏಳೋದು ಯಾವಾಗ? ನಿನ್ನ ಕಿಟಕಿ ಇದೆಯಲ್ಲ, ನೋಡ್ಕೊ.”

ಕಿಟಕಿಯ ವಿಷಯ ಇಷ್ಟು. ಮದುವೆಯಾದ ಹೊಸದರಲ್ಲಿ ಗುಡುಗಿದಾಗಲೆಲ್ಲ ಅವಳು ಅಳುತ್ತಿದ್ದಳು. ಆಗ ಅವನು ಕೂರಿಸಿಕೊಂಡು ವಿವರಿಸಿದ್ದ. ಬಿರುಗಾಳಿ ಬಂದರೆ ಕ್ರೇನಿನ ತೋಳನ್ನು ಬಿಗಿಹಿಡಿಯಬಾರದು. ಹಿಡಿದರೆ ಗಾಳಿ ಇಡೀ ಕ್ರೇನನ್ನೇ ಉರುಳಿಸೀತು. ಸಾಮಾನು ಕೆಳಗಿಳಿಸಿ, ತಿರುಗುವ ಬ್ರೇಕು ಸಡಿಲ ಬಿಡಬೇಕು. ಆಮೇಲೆ ಗಾಳಿ ತಳ್ಳಿದ ಕಡೆ ತೋಳು ತಾನೇ ತಿರುಗಿಕೊಳ್ಳುತ್ತದೆ. “ತೋಳು ಸುಮ್ಮನೆ ತಿರುಗ್ತಾ ಇದ್ರೆ ನಾನು ಕೆಳಗಿಳಿದು ಟೀ ಕುಡೀತಿದೀನಿ ಅಂತ ತಿಳ್ಕೊ” ಎಂದಿದ್ದ. ಅವಳ ಪುಣ್ಯ, ಅವನು ಯಾವ ಕಟ್ಟಡಕ್ಕೆ ಹೋದರೂ ಆ ಕಿಟಕಿಯಿಂದ ಕ್ರೇನಿನ ತುದಿಯಾದರೂ ಕಾಣುತ್ತಿತ್ತು. ತೋಳು ಹೊರಳುವುದನ್ನು ಕಂಡ ಕೂಡಲೇ ಹೋದ ಜೀವ ಬಂದಂತಾಗಿ ಅವಳು ಮತ್ತೆ ಮೆಷಿನ್ನು ತುಳಿಯುತ್ತಿದ್ದಳು.

ಗುರುವಾರ ಮಳೆಗೆ ರೇಡಿಯೋದವನ ಮಾತು ಕೇಳುವ ವ್ಯವಧಾನ ಇರಲಿಲ್ಲ. ಸಂಜೆ ಬರಬೇಕಾದದ್ದು ಮಧ್ಯಾಹ್ನದ ಊಟದ ತಟ್ಟೆ ತೊಳೆಯುವಷ್ಟರಲ್ಲಿ ಬಂದುಬಿಟ್ಟಿತು. ಟೈಲರಮ್ಮ ಒದ್ದೆ ಕೈಯಲ್ಲೇ ಕಿಟಕಿಗೆ ಓಡಿದಳು. ಎರಡು ಬೀದಿಯಾಚೆ ತೋಳು ಆರಾಮಾಗಿ ತಿರುಗುತ್ತಿತ್ತು. ಸದ್ಯ, ಇಳಿದಿದ್ದಾರೆ. ಆದರೆ ಅವನಿಗೆ ಎರಡು ದಿನದಿಂದ ಕೆಮ್ಮು. ಒದ್ದೆ ಬಟ್ಟೆಯಲ್ಲೇ ಕೂತಿರುತ್ತಾರೆ, ಹೇಳುವವರು ಯಾರು ಎಂದುಕೊಂಡು ಒಂದು ಒಣ ಅಂಗಿ, ಟವೆಲ್ಲು, ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಛತ್ರಿ ಬಿಚ್ಚಿದಳು. ಕೆಲಸದ ಜಾಗಕ್ಕೆ ಬರಬೇಡ, ತಲೆ ಮೇಲೆ ಏನಾದರೂ ಬಿದ್ದೀತು ಎಂದು ಅವನು ಯಾವಾಗಲೂ ಹೇಳುತ್ತಿದ್ದುದರಿಂದ ಅವಳು ಆ ಕಡೆ ಕಾಲಿಟ್ಟದ್ದು ಇದೇ ಮೊದಲು.

ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳದಿ ರೇನ್‌ಕೋಟಿನ ಮುದುಕನೊಬ್ಬ ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಒಡಕು ದನಿಯಲ್ಲಿ ಯಾವುದೋ ಮದುವೆ ಊಟದ ಕತೆ ಹೇಳುತ್ತಿದ್ದ. ಕೆಳಗೆ ನಿಂತು ಕ್ರೇನಿಗೆ ಸಿಗ್ನಲ್ ಕೊಡುವವನು. ಅಲ್ಲಿ ಎಲ್ಲರಿಗೂ ಸಿಗ್ನಲಣ್ಣ.

“ಅಣ್ಣಾ, ಕ್ರೇನಿನವರು ಎಲ್ಲಿ? ನಾನು ಅವರ ಮನೆಯವಳು.”

ಅವನು ಬೆರಳೆತ್ತಿ ಮೇಲೆ ತೋರಿಸಿದ.

“ಇಳಿದಿದ್ದಾರಲ್ಲ! ತೋಳು ತಿರುಗ್ತಿದೆ.”

“ತಿರುಗ್ತಿದೆ ತಾಯಿ. ಜೊತೆಗೆ ಅವನೂ ತಿರುಗ್ತಿದಾನೆ.”

ಅವಳ ಮುಖ ನೋಡಿ ಮುದುಕನಿಗೆ ತಾನು ಬಾಯಿಬಿಟ್ಟು ಕೆಟ್ಟೆ ಎನ್ನುವುದು ತಿಳಿಯಿತು. “ಮಿಂಚು ಶುರುವಾದ ಮೇಲೆ ಇಳೀಬಾರದು ತಾಯಿ. ಅಷ್ಟುದ್ದ ಏಣಿ, ಎಲ್ಲ ಕಬ್ಬಿಣ, ಅದೂ ಒದ್ದೆ. ಕ್ಯಾಬಿನ್ ಬಾಗಿಲು ಹಾಕ್ಕೊಂಡು ಏನೂ ಮುಟ್ಟದೆ ಕೂತಿರೋದೇ ಕ್ಷೇಮ. ಆದ್ರೆ ಕೂರೋದೇ ಕಷ್ಟ. ಒಬ್ಬನೇ ಕೂತ್ರೆ ತಲೆ ಕೆಡತ್ತೆ, ಇಳಿದುಬಿಡೋಣ ಅನ್ಸತ್ತೆ. ಹಿಂದೆ ಒಬ್ಬ ಹಾಗೇ ಇಳಿಯೋಕೆ ಹೋಗಿ...” ಅಷ್ಟಕ್ಕೇ ನಿಲ್ಲಿಸಿದ. “ಅದಕ್ಕೇ ನಾನು ಮಾತಾಡ್ತಾ ಇರ್ತೀನಿ.”

“ಪ್ರತಿ ಸಲಾನಾ?”

“ಅವನು ಯಾವ ಕಟ್ಟಡಕ್ಕೆ ಹೋದ್ರೂ ನಾನೇ ಅಲ್ವಾ ಸಿಗ್ನಲ್ಲು.”

ಟೈಲರಮ್ಮ ಛತ್ರಿ ಸರಿಸಿ ಮೇಲೆ ನೋಡಿದಳು. ಇಷ್ಟು ವರ್ಷ ತಾನು ನಿಶ್ಚಿಂತೆಯಿಂದ ಗುಂಡಿ ಹಾಕುತ್ತಿದ್ದಾಗಲೆಲ್ಲ ಆ ಮನುಷ್ಯ ಮಿಂಚಿನ ಮಧ್ಯೆ ಗಿರಗಿರನೆ ಸುತ್ತುತ್ತ ಕೂತಿದ್ದ. ಎಂಥ ಸುಳ್ಳ! ಬರಲಿ ಕೆಳಗೆ ಎಂದು ಹಲ್ಲು ಕಚ್ಚಿದಳು. ಅಷ್ಟರಲ್ಲಿ ವಾಕಿಟಾಕಿ ಕರಕರ ಎಂದಿತು.

“ಅಣ್ಣಾ, ಯಾಕೆ ಸುಮ್ನಾದೆ? ಇವತ್ತು ಗಾಳಿ ಜಾಸ್ತಿ. ಕೆಮ್ಮು ಬೇರೆ. ನಾನು ಇಳೀತೀನಿ.”

ಮುದುಕ ಉತ್ತರ ಕೊಡಲು ಹೋದರೆ ಗಂಟಲು ಕಟ್ಟಿತ್ತು. ಆಗಲೇ ಎಷ್ಟು ಹೊತ್ತಿನಿಂದ ಮಾತಾಡಿದ್ದನೋ. ಬೇರೆ ದಾರಿ ಕಾಣದೆ ವಾಕಿಟಾಕಿಯನ್ನು ಅವಳ ಕೈಗೆ ತುರುಕಿ, ಒತ್ತಬೇಕಾದ ಬಟನ್ ತೋರಿಸಿದ.

“ಏಳಬೇಡಿ! ಕೂತಲ್ಲೇ ಕೂತಿರಿ!” ಎಂದು ಅವಳು ಕಿರುಚಿದಳು. ಆಮೇಲೆ ನಿಲ್ಲಲಿಲ್ಲ. ಸುಳ್ಳ ಎಂದಳು, ಕಳ್ಳ ಎಂದಳು, ಕೆಮ್ಮಿನ ಔಷಧಿ ಬೆಳಿಗ್ಗೆ ಯಾಕೆ ಕುಡಿಯಲಿಲ್ಲ ಎಂದಳು. ಆ ಕಡೆಯಿಂದ ಸದ್ದೇ ಇಲ್ಲ. ಅವಳು ಏಣಿಯ ಕಡೆ ಓಡಲು ತಿರುಗಿದಳು.

“ಬಟನ್ ಬಿಡಿ ತಾಯಿ,” ಎಂದ ಸಿಗ್ನಲಣ್ಣ ಕಟ್ಟಿದ ಗಂಟಲಲ್ಲಿ. “ಅವನೂ ಸ್ವಲ್ಪ ಮಾತಾಡ್ಲಿ.”

ಬಿಟ್ಟಳು. “ನೀನಾ?” ಎಂದಿತು ಸಣ್ಣ ದನಿ.

“ನಾನೇ.”

“ತುಂಬಾ ಬೈತೀಯಾ?”

“ಇನ್ನೂ ಶುರುವೇ ಮಾಡಿಲ್ಲ. ಕೂತಿದೀರಾ?”

“ಕೂತಿದೀನಿ.”

ಬೈಗುಳ ಎಷ್ಟು ಹೊತ್ತು ಬಂದೀತು? ಖಾಲಿಯಾಯಿತು. ಮೇಲೆ ಆಕಾಶ ಬಿರಿಯುತ್ತಿತ್ತು, ಅವಳಿಗೆ ಮಾತೇ ಸಿಗುತ್ತಿರಲಿಲ್ಲ. ಕೊನೆಗೆ ಮೂರನೇ ಮಹಡಿಯ ಮೇಷ್ಟ್ರ ಪ್ಯಾಂಟಿನ ಕತೆ ಹಿಡಿದುಕೊಂಡಳು. ತಾನು ದಪ್ಪಗಾಗಿಲ್ಲ, ಬಟ್ಟೆಯೇ ಕುಗ್ಗಿದೆ ಎಂದು ಅವರು ವಾದಿಸಿದ್ದನ್ನು ಅವರದೇ ರಾಗದಲ್ಲಿ ಹೇಳಿದಳು. ಮೇಲಿನಿಂದ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಅಷ್ಟು ಸಾಕಿತ್ತು. ಕೋಟುಗಳು, ಜಿಪ್ಪುಗಳು, ಬೀದಿಯ ಬಾಯಿಬಡುಕಿಯರು, ಯಾರನ್ನೂ ಬಿಡದೆ ಒಬ್ಬೊಬ್ಬರನ್ನೇ ಎಳೆದು ತಂದಳು. ಗುಡುಗು ದೂರ ಸರಿದು, ಸಿಗ್ನಲಣ್ಣ ಹೊರಗೆ ಬಂದು ಆಕಾಶ ನೋಡಿ, ಇನ್ನು ಸಾಕು ಎಂದು ಕೈ ಎತ್ತುವವರೆಗೂ ಅವಳು ಬಟನ್ ಒತ್ತುತ್ತಲೇ ಇದ್ದಳು, ಬಿಡುತ್ತಲೇ ಇದ್ದಳು.

ಗಂಡ ಏಣಿ ಇಳಿದು ಬಂದು, ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ ನಿಂತ. ಟೈಲರಮ್ಮ ಅವನನ್ನು ದಾಟಿ ನೇರವಾಗಿ ಮುದುಕನ ಹತ್ತಿರ ಹೋಗಿ, ಅವನ ಎರಡೂ ಕೈ ಹಿಡಿದುಕೊಂಡಳು. ಅವಳಿಗೆ ಅಳು ತಡೆಯಲಾಗಲಿಲ್ಲ.

“ಅಣ್ಣಾ, ಇಷ್ಟು ವರ್ಷ ಇವರನ್ನ ಮನೆಗೆ ಕಳಿಸಿಕೊಟ್ಟಿದ್ದು ನೀವು. ನಂಗೆ ಗೊತ್ತೇ ಇರ್ಲಿಲ್ಲ.”

“ಅಯ್ಯೋ, ನಾನೇನು ಮಾಡ್ದೆ ತಾಯಿ?” ಎಂದು ಸಿಗ್ನಲಣ್ಣ ಸಂಕೋಚದಿಂದ ಅತ್ತಿತ್ತ ನೋಡಿದ. “ಹರಟೆ ಹೊಡೆದೆ, ಅಷ್ಟೇ.”

“ಅದೆಷ್ಟು ಕಷ್ಟ ಅಂತ ಈಗ ನೋಡಿದೆ” ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾಳೆನೂ ಗುಡುಗಂತೆ. ನಾನೂ ಬರ್ತೀನಿ ಅಣ್ಣಾ. ಅರ್ಧ ನೀವು ಮಾತಾಡಿ, ಅರ್ಧ ನಾನು.”